ಬರೆಯದೆ ಬಿಟ್ಟ ಗೀಟು

ದನದ ಆಸ್ಪತ್ರೆಗೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಓದಲು ನಾಲ್ಕು ಮಾತು ಬರೆದುಕೊಡಿ ಎಂದು ನನ್ನ ಅಣ್ಣನ ಮೊಮ್ಮಗ ಆರು ತಿಂಗಳಿಂದ ಗಂಟುಬಿದ್ದಿದ್ದಾನೆ. ಅವನದೂ ಅದೇ ಇಲಾಖೆ. "ನಿಮ್ಮ ಕಾಲದ್ದು ಬರೀರಿ ತಾತಾ. ಬಡ್ತಿ ಹ್ಯಾಂಗ ಸಿಕ್ತು, ಯಾರ್ಯಾರ ಕೈಯಾಗ ಶಾಭಾಸ್‌ಗಿರಿ ತಗೊಂಡ್ರಿ, ಅದೆಲ್ಲಾ. ಹಾರ ಹಾಕಿದ ಫೋಟೊ ಇದ್ರ ಅದನ್ನೂ ಕೊಡ್ರಿ" ಎನ್ನುತ್ತಾನೆ. ಫೋಟೊ ಇದೆ, ಕೊಡುವುದಿಲ್ಲ. ಬಡ್ತಿಗಳ ಪುರಾಣವನ್ನೂ ಬರೆಯುವುದಿಲ್ಲ. ಒಂದೇ ಒಂದು ಬಡ್ತಿಯ ಮಾತು ಕೊನೆಗೆ ಬರುತ್ತದೆ, ಅದು ಎದೆ ಉಬ್ಬಿಸಿ ಹೇಳುವಂಥದ್ದಲ್ಲ.

ನಾನು ಮಾನ್ವಿಯವನು. ಮನೆಯಲ್ಲಿ ತಲೆತಲಾಂತರದಿಂದ ಗುಡಿಯ ಪೂಜೆ. ಅಪ್ಪನಿಗೆ ನಾನೂ ಘಂಟೆ ಹಿಡಿಯಬೇಕೆಂಬ ಆಸೆಯಿತ್ತು. ಆದರೆ ಅದು ಮೊಗಲಾಯಿ, ಅಂದರೆ ನಿಜಾಮನ ಆಳ್ವಿಕೆಯ ಕಾಲ. ಉರ್ದು ಓದಿದವನಿಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತಿತ್ತು, ನಾನು ಉರ್ದು ಚೆನ್ನಾಗಿಯೇ ಓದಿದ್ದೆ. ಎರಡನೇ ಮಹಾಯುದ್ಧ ಶುರುವಾದ ಹೊಸದರಲ್ಲಿ ದೇವದುರ್ಗದ ದನದ ಆಸ್ಪತ್ರೆಯಲ್ಲಿ ಗುಮಾಸ್ತನಾಗಿ ಸೇರಿದೆ. ಔಷಧ ಕೊಡುವುದು ನನ್ನ ಕೆಲಸವಾಗಿರಲಿಲ್ಲ. ಕುದುರೆಗಳ ಹುಲಿಯಾ ಬರೆಯುವುದು ನನ್ನ ಕೆಲಸ. ಹುಲಿಯಾ ಎಂದರೆ ಗುರುತಿನ ವಿವರ: ಗಂಡೋ ಹೆಣ್ಣೋ, ವಯಸ್ಸೆಷ್ಟು, ಬಣ್ಣ ಯಾವುದು, ಮೈಮೇಲೆ ಎಲ್ಲೆಲ್ಲಿ ಸುಳಿ, ಬೇರೆ ಏನಾದರೂ ವಿಶೇಷ ಗುರುತು. ದಫ್ತರದಲ್ಲಿ ಬರೆದು, ಅದರ ನಕಲು ಚೀಟಿಯನ್ನು ಒಡೆಯನಿಗೆ ಕೊಡಬೇಕು. ಕುದುರೆ ಕಳುವಾದರೆ, ಮಾರಿದರೆ, ಹೊಳೆ ದಾಟಿ ಇಂಗ್ರೇಜಿ ಸೀಮೆಗೆ ಒಯ್ದರೆ ಆ ಚೀಟಿಯೇ ಗತಿ. ಚೀಟಿಗೂ ಕುದುರೆಗೂ ತಾಳೆಯಾಗದಿದ್ದರೆ ಒಡೆಯನ ಪಾಡು ನಾಯಿಪಾಡು.

ಇಂಥ ಕೆಲಸಕ್ಕೆ ಸೇರಿದವನಿಗೆ ಕುದುರೆ ಎಂದರೆ ಹೆದರಿಕೆ. ನಗಬೇಡಿ. ನಮ್ಮ ಮನೆಯಲ್ಲಿ ಒಂದು ಆಕಳು ಬಿಟ್ಟರೆ ನಾಲ್ಕು ಕಾಲಿನದು ಇನ್ನೊಂದಿರಲಿಲ್ಲ. ಬಣ್ಣಗಳ ಹೆಸರನ್ನು ಮಾತ್ರ ಸಂಧ್ಯಾವಂದನೆಯ ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದೆ. ಕುಮೈತ್, ಸುರಂಗ್, ಮುಷ್ಕಿ, ಸಬ್ಜಾ, ಕುಲ್ಲಾ. ಯಾರಾದರೂ ಎಬ್ಬಿಸಿ ಕೇಳಿದರೂ ತಡವರಿಸದೆ ಒಪ್ಪಿಸುತ್ತಿದ್ದೆ. ಕುದುರೆಯ ಮುಂದೆ ನಿಲ್ಲಿಸಿದರೆ ಮಾತ್ರ ಯಾವುದು ಯಾವ ಬಣ್ಣವೆಂದು ತಿಳಿಯುತ್ತಿರಲಿಲ್ಲ.

ಮೊದಲ ಪ್ರಮಾದ ಅಲ್ಲೇ ಆಯಿತು. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವ ಒಬ್ಬಾತ ತನ್ನ ಕುದುರೆ ತಂದು ನಿಲ್ಲಿಸಿದ. ನಾನು ಪಡಸಾಲೆಯಿಂದಲೇ ನೋಡಿ, ಕೆಂಪಗಿದೆ ಎಂದು 'ಸುರಂಗ್' ಎಂದು ಬರೆದುಕೊಟ್ಟೆ. ಹದಿನೈದು ದಿನಕ್ಕೆ ಒಂದು ಜೋರು ಮಳೆ ಬಿತ್ತು. ಮರುದಿನ ಆತ ಹಾಲಿನಂಥ ಬಿಳಿ ಕುದುರೆ ಹಿಡಿದುಕೊಂಡು ಬಂದು ಅಂಗಳದಲ್ಲಿ ಕೂಗಿದ. "ಆಚಾರ್ರ, ನನ್ನ ಕುದುರಿ ಬೆಳ್ಳಗಾಗ್ಯಾದ, ನಿಮ್ಮ ಚೀಟಿ ಇನ್ನೂ ಕೆಂಪನ್ನ ಅದ. ಈಗ ನಾ ಯಾವುದಕ್ಕ ಹುಲ್ಲು ಹಾಕಲ್ರಿ?" ಮದುವೆಗೆಂದು ಮೈಗೆಲ್ಲಾ ಮದರಂಗಿ ಬಳಿದಿದ್ದನಂತೆ. ಆಸ್ಪತ್ರೆ ಪೂರಾ ಬಿದ್ದು ಬಿದ್ದು ನಕ್ಕಿತು.

ನಮ್ಮ ಮೇಲಧಿಕಾರಿ ಮೀರ್ ಸಾಹೇಬರೂ ನಕ್ಕರು. ಅವರು ಕುದುರೆಯ ಡಾಕ್ಟರು. ಗಡ್ಡ ಅರ್ಧ ನರೆತಿತ್ತು, ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ನಕ್ಕು ಮುಗಿದ ಮೇಲೆ ನನ್ನ ಮುಂಗೈ ಹಿಡಿದು ಎಳೆದೊಯ್ದು ಆ ಕುದುರೆಯ ಕುತ್ತಿಗೆಯ ಮೇಲೆ ಒತ್ತಿ ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ. "ಕಣ್ಣು ಮುಚ್ಚಿದ್ರೂ ನಡೀತದ ಆಚಾರಿ, ಕೈ ತೆಗೀಬ್ಯಾಡ. ಕಣ್ಣು ಮೋಸ ಹೋಗ್ತದ, ಕೈ ಹೋಗೋದಿಲ್ಲ. ಒಂದು ಕೂದಲ ಕಿತ್ತು ಬುಡ ನೋಡು" ಎಂದರು. ಬುಡ ಬೆಳ್ಳಗಿತ್ತು. ಅವತ್ತೇ ಇನ್ನೊಂದು ಪಾಠ ಹೇಳಿದರು. ಸಬ್ಜಾ ಎಂದರೆ ಬೂದು ಕುದುರೆ. ಅದರ ಮೈಯಲ್ಲಿ ಕರಿ ಕೂದಲು, ಬಿಳಿ ಕೂದಲು ಎರಡೂ ಬೆರೆತಿರುತ್ತವೆ. ಮರಿಯಲ್ಲಿ ಕಪ್ಪಗಿದ್ದು ವರ್ಷ ಹೋದಂತೆ ಬೆಳ್ಳಗಾಗುತ್ತಾ ಹೋಗುತ್ತದೆ. ಕುಲ್ಲಾ ಹಾಗಲ್ಲ. ಅದರದು ಬೂದಿಯೂ ಅಲ್ಲದ, ಕಂದೂ ಅಲ್ಲದ ಮಾಸಲು ಬಣ್ಣ, ಇಲಿಯ ಮೈಯಂಥದ್ದು. ಪ್ರತಿ ಕೂದಲೂ ಅದೇ ಬಣ್ಣ. ಬೆನ್ನ ನಡುವೆ ಕುತ್ತಿಗೆಯಿಂದ ಬಾಲದವರೆಗೆ ಒಂದು ಕಪ್ಪು ಗೀಟು. ಸಾಯುವ ತನಕ ಬಣ್ಣ ಬದಲಾಗುವುದಿಲ್ಲ. "ಕುಲ್ಲಾ ಭಾಳ ಕಮ್ಮಿ ಸಿಗ್ತದ. ದೂರದಿಂದ ನೋಡಿದ್ರ ಸಬ್ಜಾ ಅನಸ್ತದ, ಹುಷಾರ್" ಎಂದರು. ನಾನು ತಲೆಯಾಡಿಸಿದೆ. ಮನೆಗೆ ಹೋಗಿ ತಣ್ಣೀರಿನಲ್ಲಿ ಸ್ನಾನ ಮಾಡಿದೆ, ಕುದುರೆ ಮುಟ್ಟಿದ್ದಕ್ಕೆ.

ಆ ಸ್ನಾನವೇ ನನ್ನನ್ನು ಕೆಡಿಸಿತು ಎಂದು ಈಗ ಅನಿಸುತ್ತದೆ. ಮುಟ್ಟಿದಾಗೊಮ್ಮೆ ಸ್ನಾನ ಯಾಕೆ ಬೇಕು ಎಂದು ಮುಟ್ಟುವುದನ್ನೇ ಬಿಟ್ಟೆ. ದೂರದಿಂದ ನೋಡುವುದು, ಒಡೆಯನನ್ನು ಕೇಳುವುದು, ಬರೆಯುವುದು. ಸುಳಿಯ ಕಾಲಮಿನಲ್ಲಿ 'ಮಾಮೂಲು' ಎಂಬ ಒಂದೇ ಮಾತು ನೂರು ಕುದುರೆಗೆ ಸಾಕಾಗುತ್ತಿತ್ತು. ಅಕ್ಷರ ಮಾತ್ರ ಮುತ್ತಿನಂತಿತ್ತು. ತಪಾಸಣೆಗೆ ಬಂದವರು ಅಕ್ಷರ ನೋಡಿ ವಾಹ್ ಎನ್ನುತ್ತಿದ್ದರು, ಕುದುರೆ ತರಿಸಿ ತಾಳೆ ನೋಡಿದವರು ಯಾರೂ ಇಲ್ಲ.

ಎರಡು ವರ್ಷಕ್ಕೆ ಮಾನ್ವಿಗೆ ವರ್ಗವಾಯಿತು, ಸ್ವಂತ ಮನೆಯಿಂದಲೇ ಕಚೇರಿಗೆ ಹೋಗತೊಡಗಿದೆ. ಅಲ್ಲಿ ಒಂದು ದ್ವಾದಶಿಯ ಬೆಳಗು. ಹಿಂದಿನ ದಿನ ಏಕಾದಶಿಯ ಉಪವಾಸ, ಹನಿ ನೀರೂ ಇಲ್ಲ. ದ್ವಾದಶಿಯಂದು ಬೆಳಕು ಹರಿಯುತ್ತಲೇ ಪಾರಣೆ, ಅಂದರೆ ಉಪವಾಸ ಬಿಡುವ ಊಟ ಆಗಿಬಿಡಬೇಕು. ಸ್ನಾನ ಮಾಡಿ ಮಡಿಯುಟ್ಟು ನಿಂತಿದ್ದೆ. ಒಳಗೆ ಅಗಸೆ ಸೊಪ್ಪಿನ ಪಲ್ಯದ ವಾಸನೆ. ಹೊರಗೆ ಯಾರೋ ಕೂಗಿದರು. ಕಟ್ಟೆಗೆ ಬಂದು ನೋಡಿದರೆ ಒಬ್ಬ ಕುರುಬರ ಹೆಂಗಸು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಕುದುರೆಯ ಹಗ್ಗ. ಚೀಕಲಪರ್ವಿಯ ಮಾಳವ್ವ ಎಂದಳು. ಗಂಡನಿಲ್ಲ, ಬೀರಪ್ಪ ಎಂಬ ಪ್ರಾಯದ ಮಗನಿದ್ದಾನೆ. ಅವನು ಊರ ಹೊರಗೆ ಕುರಿ ನಿಲ್ಲಿಸಿಕೊಂಡು ಕಾಯುತ್ತಿದ್ದನಂತೆ.

"ಯಪ್ಪಾ ಆಚಾರ್ರ, ಒಂದು ಚೀಟಿ ಬರಕೊಡ್ರಿ. ಕಚೇರಿ ತಗಿಯೂತನಾ ಕಾಯಾಕ ಆಗಂಗಿಲ್ಲ. ಕುರಿ ಹೊಂಟು ನಿಂತಾವ, ಹೊಳಿ ದಾಟಬೇಕು. ಚೀಟಿ ಇಲ್ಲಂದ್ರ ಆಚಿ ದಂಡಿಯಾಗ ಕುದುರಿ ಹಿಡೀತಾರ್ರಿ" ಎಂದಳು.

"ಅಲ್ಲೇ ನಿಲ್ಲು. ಮುಂದ ಬರಬ್ಯಾಡ, ಮಡಿಯಾಗಿದ್ದೀನಿ" ಎಂದೆ.

ಆಕೆ ತಾನೇ ಹಗ್ಗ ಎಳೆದು ಕುದುರೆಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿದಳು. ಎರಡು ವರ್ಷದ ಹೆಣ್ಣು ಕುದುರೆ. ಕುರಿಗಾರರಿಗೆ ಅದು ಸವಾರಿಗಲ್ಲ. ಗುಡಾರ, ಪಾತ್ರೆ, ನಡೆಯಲಾರದ ಹಸಿ ಮರಿಗಳು, ಎಲ್ಲ ಅದರ ಬೆನ್ನ ಮೇಲೆ ಊರೂರು ತಿರುಗುತ್ತವೆ. ಆ ನಸುಕಿನಲ್ಲಿ ನನಗೆ ಕಂಡದ್ದು ಬೂದು ಬಣ್ಣದ ಒಂದು ಮೈ, ಅಷ್ಟೆ. ಬಣ್ಣ ಏನು ಎಂದು ಕೇಳಿದೆ.

"ನಿಮ್ಮ ಬುಕ್ಕಿನ್ಯಾಗ ಏನಂತಾರೋ ನನಗೇನು ತಿಳೀತದ್ರಿ? ಕರಿ ಉಣ್ಣಿ ಬಿಳಿ ಉಣ್ಣಿ ಕೂಡಿಸಿ ನೂತ್ರ ಒಂದು ಬೂದಿ ನೂಲು ಬರ್ತದಲ್ಲ, ಇದು ಅದಲ್ಲರಿ. ಇದರದು ಒಂದ ಕೂದಲ, ಒಂದ ಬಣ್ಣ. ಇಲಿ ಮೈ ಇದ್ದಂಗ. ಬೆನ್ನ ಮ್ಯಾಲ ಕರಿ ಗೀಟು ಅದ ನೋಡ್ರಿ, ಕುತ್ತಿಗಿಂದ ಬಾಲದ ತನಕ. ಇಳಿದು ಬಂದು ನೋಡ್ರಿ ಯಪ್ಪಾ."

ನೋಡಿ, ಮೀರ್ ಸಾಹೇಬರು ಹೇಳಿದ ಪಾಠವನ್ನೇ ಆ ಹೆಂಗಸು ಉಣ್ಣೆಯ ಲೆಕ್ಕದಲ್ಲಿ ನನಗೆ ಮತ್ತೊಮ್ಮೆ ಹೇಳಿದ್ದಳು. ಜನ್ಮವೆಲ್ಲ ಉಣ್ಣೆ ನೂತ ಕೈಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು, ಕುಲ್ಲಾ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಮೂರು ಮೆಟ್ಟಿಲು ಇಳಿದು ಒಂದು ಸಲ ಬೆನ್ನ ಮೇಲೆ ಕೈ ಆಡಿಸಿದ್ದರೆ ಮುಗಿಯುತ್ತಿತ್ತು. ಇಳಿದರೆ ಮಡಿ ಕೆಡುತ್ತಿತ್ತು, ಮತ್ತೆ ಸ್ನಾನ, ಪಾರಣೆಗೆ ಹೊತ್ತು ಮೀರುತ್ತಿತ್ತು. "ಗೊತ್ತಾತು, ಗೊತ್ತಾತು" ಎಂದು ಒಳಗೆ ಹೋದೆ. ದಫ್ತರ ಮನೆಗೇ ತಂದಿಟ್ಟುಕೊಂಡಿದ್ದೆ, ಆದರೆ ಮಡಿಯಲ್ಲಿ ಅದನ್ನು ಮುಟ್ಟುವಂತಿಲ್ಲ ನೋಡಿ, ಹಾಗಾಗಿ ಊಟ ಮುಗಿಸಿ ಮಡಿ ಬಿಚ್ಚಿ ಆಮೇಲೆ ಬರೆಯಲು ಕೂತೆ. ಹಸಿದ ಹೊಟ್ಟೆಗೆ ಊಟ ಬಿದ್ದು ಕಣ್ಣು ಎಳೆಯುತ್ತಿತ್ತು. ಹೆಣ್ಣು, ಎರಡು ವರ್ಷ, ಬಣ್ಣ ಸಬ್ಜಾ, ಸುಳಿ ಮಾಮೂಲು, ವಿಶೇಷ ಗುರುತು ಇಲ್ಲ. ಗೀಟಿನ ಮಾತು ನೆನಪಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಗೀಟು ಬರೆದರೆ ಸಬ್ಜಾ ಎನ್ನುವಂತಿಲ್ಲ, ಕುಲ್ಲಾ ಎಂದು ಬರೆಯಲು ಕಣ್ಣಾರೆ ನೋಡಿಲ್ಲ. ಹೊರಗೆ ಹೋಗಿ ನೋಡೋಣವೆಂದರೆ ಅಷ್ಟರಲ್ಲಿ ಮಗ ಬಂದು ಸಾಮಾನು ಹೇರಲು ಕುದುರೆಯನ್ನು ಒಯ್ದಾಗಿತ್ತು. ಹೋಗಲಿ, ಕುರಿಗಾರರ ಕುದುರೆಯನ್ನು ಯಾರು ಕೇಳುತ್ತಾರೆ ಎಂದುಕೊಂಡೆ.

ಮಾಳವ್ವ ಒಬ್ಬಳೇ ಬಿಸಿಲಿಗೆ ಕೂತಿದ್ದಳು. ಚೀಟಿಯನ್ನು ಕೈಗೆ ಕೊಡದೆ ಮೇಲಿಂದ ಆಕೆಯ ಸೆರಗಿಗೆ ಬಿಟ್ಟೆ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಓದು ಬರದವಳು, ಅದರಲ್ಲೂ ಉರ್ದು.

"ಗೀಟು ಬರದ್ರ್ಯಾ ಯಪ್ಪಾ?"

"ಹೂಂ, ಬರದೀನಿ, ನಡಿ" ಎಂದೆ.

ಆಕೆ ಆ ಚೀಟಿಯನ್ನು ಮಡಚಿ ಸೊಂಟದಲ್ಲಿದ್ದ ಭಂಡಾರದ ಚೀಲದಲ್ಲಿಟ್ಟುಕೊಂಡಳು. ದೇವರ ಅರಿಸಿನದ ಪುಡಿ ಇಡುವ ಚೀಲ ಅದು. ನನ್ನ ಸುಳ್ಳು ಆರು ವರ್ಷ ಆ ಚೀಲದಲ್ಲಿ ಇತ್ತು.

ಆಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ಮೀರ್ ಸಾಹೇಬರು ನನಗಿಂತ ಮೊದಲೇ ಅಲ್ಲಿಗೆ ದೊಡ್ಡ ಡಾಕ್ಟರಾಗಿ ಬಂದಿದ್ದರು. ಅಕ್ಷರ ಚೆಂದ ಎಂದು ನನ್ನನ್ನು ಹಿರಿಯ ಗುಮಾಸ್ತನ ಜಾಗಕ್ಕೆ ಏರಿಸುವ ಮಾತು ನಡೆದಿತ್ತು. ಅಂಥ ಒಂದು ದಿನ ಮುಂಜಾನೆ ಹತ್ತರ ಹೊತ್ತಿಗೆ ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಜನ ಸೇರಿದರು. ಗಿರಣಿಗೆ ಹತ್ತಿ ತಂದಿದ್ದ ಬಂಡಿಯವರೂ ಬಂಡಿ ನಿಲ್ಲಿಸಿ ನೋಡತೊಡಗಿದರು. ನಡುವೆ ಒಂದು ಕುದುರೆ, ಅದರ ಪಕ್ಕ ಪೊಲೀಸಿನವನ ಕೈಯಲ್ಲಿ ಸಿಕ್ಕ ಒಬ್ಬ ಕುರುಬರ ಯುವಕ. ಅವನೇ ಬೀರಪ್ಪ ಎಂದು ಆಮೇಲೆ ತಿಳಿಯಿತು. ಇನ್ನೊಂದು ಪಕ್ಕದಲ್ಲಿ ಮಾಳವ್ವ. ನನ್ನನ್ನು ಕಂಡು ಆಕೆಯ ಮುಖ ಅರಳಿತು. "ಆಚಾರ್ರು ಇಲ್ಲೇ ಇದ್ದಾರಲ್ಲ. ಇನ್ನೇನು ಚಿಂತಿಲ್ಲ ಬಿಡ್ಲೇ ಬೀರಾ" ಎಂದಳು ಮಗನಿಗೆ.

ಆದದ್ದು ಇಷ್ಟು. ದೇವದುರ್ಗದ ಕಡೆಯ ಒಬ್ಬ ಜಹಗೀರುದಾರರ ಕುದುರೆ ಎರಡು ವರ್ಷದ ಹಿಂದೆ ಕಳುವಾಗಿತ್ತು. ಅವರ ಕಾರಭಾರಿ ಸಂತೆಯಲ್ಲಿ ಈ ಕುದುರೆಯನ್ನು ಕಂಡು ಇದು ನಮ್ಮದೇ ಎಂದು ಪೊಲೀಸರಿಂದ ಹಿಡಿಸಿದ್ದ. ಚೀಟಿಗೂ ಕುದುರೆಗೂ ತಾಳೆ ನೋಡಲು ನಮ್ಮ ಆಸ್ಪತ್ರೆಗೆ ತಂದಿದ್ದರು. ಅವನ ಚೀಟಿಯಲ್ಲಿ 'ಹೆಣ್ಣು, ಕುಲ್ಲಾ, ಸುಳಿ ಮಾಮೂಲು' ಎಂದಿತ್ತು. ನನ್ನಂಥವನೇ ಇನ್ನೊಬ್ಬ ಗುಮಾಸ್ತ ಬರೆದದ್ದು. ವಯಸ್ಸೂ ಹೆಚ್ಚುಕಡಿಮೆ ಕೂಡುತ್ತಿತ್ತು. ಕಾರಭಾರಿ ಸುಳ್ಳುಗಾರನಿರಲಿಕ್ಕಿಲ್ಲ, ಅವನಿಗೆ ನಿಜಕ್ಕೂ ಹಾಗೇ ಅನಿಸಿರಬೇಕು.

ಮಾಳವ್ವ ಭಂಡಾರದ ಚೀಲದಿಂದ ಚೀಟಿ ತೆಗೆದುಕೊಟ್ಟಳು. ಅರಿಸಿನ ಹತ್ತಿ ಹಳದಿಯಾಗಿತ್ತು. "ಓದ್ರಿ ಸಾಹೇಬ್ರ. ಗೀಟು ಬರದಾರ ನೋಡ್ರಿ" ಎಂದಳು. ಮೀರ್ ಸಾಹೇಬರು ಚೀಟಿಯನ್ನು ನನ್ನ ಕೈಗೇ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ಓದಿದೆ. ಸಬ್ಜಾ. ಸುಳಿ ಮಾಮೂಲು. ವಿಶೇಷ ಗುರುತು ಇಲ್ಲ.

ಗೀಟು ಬರಲಿಲ್ಲ. ಮಾಳವ್ವ ಇನ್ನೂ ಓದುವುದಿದೆಯೇನೋ ಎಂದು ಕಾದಳು.

ಮೀರ್ ಸಾಹೇಬರು ಕುದುರೆಯ ಒಂದು ಕೂದಲು ಕಿತ್ತು ಬಿಸಿಲಿಗೆ ಹಿಡಿದರು. "ಸಬ್ಜಾ ಕುದುರಿ ಎಂಟು ವರ್ಷಕ್ಕ ಬೆಳ್ಳಗ ಆಗಿರಬೇಕು. ಇದು ಸಬ್ಜಾ ಅಲ್ಲವೇ ಅಲ್ಲ, ಇದು ಕುಲ್ಲಾ. ಈ ಚೀಟಿ ಈ ಕುದುರಿದು ಅಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಆಚಾರಿ, ಅಕ್ಷರ ನಿಂದು. ಕುದುರಿ ಮುಟ್ಟಿ ಬರದಿಯಾ?"

ಆ ಪ್ರಶ್ನೆಯನ್ನು ಅವರು ಗದರಿ ಕೇಳಲಿಲ್ಲ. ಮದರಂಗಿ ಕುದುರೆ ಅವರಿಗೆ ನೆನಪಿತ್ತು. ನಾನು 'ಇಲ್ಲ' ಎಂದು ಒಪ್ಪಿಕೊಳ್ಳಲಿ ಎಂದೇ ಬಾಗಿಲು ತೆರೆದುಕೊಟ್ಟಿದ್ದರು. ಇಲ್ಲ ಎಂದರೆ ಏನಾಗುತ್ತಿತ್ತು? ಹಿರಿಯ ಗುಮಾಸ್ತನ ಜಾಗ ಹೋಗುತ್ತಿತ್ತು. ನಾಲ್ಕು ಜನರೆದುರು ತಲೆ ತಗ್ಗಿಸಬೇಕಾಗುತ್ತಿತ್ತು. ಇಷ್ಟೇ.

"ಹೌದು ಸಾಹೇಬ್ರ, ಮುಟ್ಟಿ ನೋಡಿಯೇ ಬರದೀನಿ" ಎಂದೆ.

ಮಾಳವ್ವ ಕೂಗಾಡಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಕೇಳಿದಳು: "ಆಚಾರ್ರ, ಅವತ್ತು ನೀವು ಕಟ್ಟಿ ಇಳಿದಿದ್ರೇನ್ರಿ? ದೇವರ ಮ್ಯಾಲ ಆಣಿ ಬ್ಯಾಡ, ನನ್ನ ಮುಖ ನೋಡಿ ಹೇಳ್ರಿ ಸಾಕು."

ನಾನು ಆಕೆಯ ಮುಖ ನೋಡಲಿಲ್ಲ. ಸಾಹೇಬರ ಮುಖ ನೋಡಿ, "ಸುಳ್ಳು ಹೇಳಾಕತ್ತಾಳ್ರಿ" ಎಂದೆ.

ಛೀ! ತಪ್ಪು ಬರೆದದ್ದು ಸೋಮಾರಿತನ, ಮಡಿಯ ಹುಚ್ಚು, ಏನಾದರೂ ಅನ್ನಿ. ಈ ಮಾತಿಗೆ ಯಾವ ಹೆಸರೂ ಇಲ್ಲ. ನಿಜ ಹೇಳಿದವಳನ್ನು ಊರ ನಡುವೆ ಸುಳ್ಳುಗಾರ್ತಿ ಮಾಡಿದೆ.

ಮೀರ್ ಸಾಹೇಬರು ಕುದುರೆಯ ಅಳತೆ ತೆಗೆದುಕೊಳ್ಳುವಾಗ ಹಗ್ಗ ಹಿಡಿಯಲು ನನಗೇ ಹೇಳಿದರು. ಬೇಕೆಂದೇ ಹೇಳಿದರೋ ಏನೋ. ಜೀವನದಲ್ಲಿ ಮೊದಲ ಸಲ ಒಂದು ಕುದುರೆಯನ್ನು ಹತ್ತಿರದಿಂದ ಪೂರ್ತಿಯಾಗಿ ನೋಡಿದೆ. ಅದು ನನ್ನ ಹೆಗಲಿಗೆ ಮೂಗು ತಂದು ಮೂಸಿತು. ಬೆನ್ನ ಮೇಲೆ ಇದ್ದಿಲಿನಲ್ಲಿ ಎಳೆದಂಥ ಗೀಟು. ಮೊಣಕಾಲಿನ ಹತ್ತಿರ ತೆಳುವಾದ ಪಟ್ಟಿಗಳು. ಕೊರಳ ಬಲಗಡೆ, ಜೂಲಿನ ಅಡಿಯಲ್ಲಿ, ಜೋಡಿ ಸುಳಿ. ಎರಡೂ ಚೀಟಿಯಲ್ಲಿ ಅದು ಬರೀ 'ಮಾಮೂಲು'. ಇದೊಂದನ್ನು ಮಾನ್ವಿಯಲ್ಲಿ ಬರೆದಿದ್ದರೂ ಕಾರಭಾರಿ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದ. ಆಗಲೂ ಹೇಳಬಹುದಿತ್ತು, ಹೇಳಲಿಲ್ಲ.

ಕುದುರೆ ದೇವದುರ್ಗದ ದಾರಿ ಹಿಡಿಯಿತು. ಎಳೆದೊಯ್ಯುವಾಗ ಎರಡು ಸಲ ನಿಂತು ಹಿಂದಿರುಗಿ ನೋಡಿತು. ಬೀರಪ್ಪನನ್ನು ಎರಡು ದಿನ ಠಾಣೆಯಲ್ಲಿಟ್ಟು ಬಿಟ್ಟರು. ಆ ತಿಂಗಳೇ ನನಗೆ ಬಡ್ತಿಯ ಕಾಗದ ಬಂತು. ದಾಖಲೆಗಳನ್ನು ಚೊಕ್ಕವಾಗಿ ಇಡುವವನು ಎಂದು ಅದರಲ್ಲಿ ಬರೆದಿತ್ತು. ಮನೆಯಲ್ಲಿ ಹಯಗ್ರೀವ ಮಾಡಿದ್ದರು. ಹಯಗ್ರೀವ ಎಂದರೆ ಕಡಲೆಬೇಳೆ ಬೆಲ್ಲದ ಸಿಹಿ, ಕುದುರೆ ಮುಖದ ದೇವರಿಗೆ ನೈವೇದ್ಯಕ್ಕೆ ಮಾಡುವಂಥದ್ದು. ನಾನು ಅದನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಮಡಿಯವನಿಗೆ ಕುದುರೆ ಮುಖದ ದೇವರು ನಡೆಯುತ್ತದೆ, ಕುದುರೆ ನಡೆಯುವುದಿಲ್ಲ.

ಒಂದು ವರ್ಷ ತಾಳಿದೆ. ಆಮೇಲೆ ತಾಳಲಾರದೆ ಬಂಡಿ ಹಿಡಿದು ಚೀಕಲಪರ್ವಿಗೆ ಹೋದೆ. ಹೊಳೆ ದಂಡೆಯಲ್ಲಿ ಕುರಿ ಹಟ್ಟಿ. ಮಾಳವ್ವ ತಲೆಯ ಮೇಲೆ ಒಂದು ಬುಟ್ಟಿ ಹೊತ್ತು ಬರುತ್ತಿದ್ದಳು, ಬುಟ್ಟಿಯಲ್ಲಿ ಎರಡು ಹಸಿ ಮರಿ. ಕುದುರೆ ಹೊರುತ್ತಿದ್ದದ್ದನ್ನು ಈಗ ಆಕೆ ಹೊರುತ್ತಿದ್ದಳು. ಬೀರಪ್ಪ ನನ್ನನ್ನು ಕಂಡು ಕಂಬಳಿ ಕೊಡವಿ ಹೊಳೆಯ ಕಡೆ ಎದ್ದುಹೋದ. ಹಟ್ಟಿ ಒಂಟಿಯಾಗಿತ್ತು. ಉಳಿದ ಕುರಿಗಾರರು ಕಳ್ಳರ ಸಂಗಡ ಹೊಳೆ ದಾಟುವುದಿಲ್ಲ ಎಂದು ಬೇರೆ ಹೋಗಿದ್ದರು.

ನಾನು ನಿಂತೇ ಎಲ್ಲ ಹೇಳಿದೆ. ಇಳಿಯಲಿಲ್ಲ, ಮುಟ್ಟಲಿಲ್ಲ, ಗೀಟು ಬರೆಯಲಿಲ್ಲ, ಬರೆದೆ ಎಂದು ಸುಳ್ಳು ಹೇಳಿದೆ ಎಂದೆ. ಹೇಳುತ್ತಲೇ ಅತ್ತುಬಿಟ್ಟೆ. ಆಕೆ ಮರಿಗಳನ್ನು ಇಳಿಸಿ, ಅವುಗಳ ಬಾಯಿ ಒರೆಸಿ, ನಿಧಾನವಾಗಿ ಮಾತಾಡಿದಳು.

"ಇದೆಲ್ಲಾ ನನಗ ಗೊತ್ತಿದ್ದದ್ದ ಅಲ್ರಿ? ನಾ ಅಲ್ಲೇ ಇದ್ದೆ. ಇಲ್ಲಿ ಹೇಳಿದ್ರ ಕುರಿ ಕೇಳ್ತಾವ. ನನ್ನ ಮಗನ್ನ ಕಳ್ಳ ಅಂದದ್ದು ಆ ಬೇವಿನ ಗಿಡದ ಕೆಳಗ. ಅಲ್ಲಿ ನಿಂತು ಹೇಳ್ರಿ. ಮಂದಿ ಕೇಳೂ ಹಂಗ ಹೇಳ್ರಿ."

"ಹೇಳ್ತೀನಿ ಮಾಳವ್ವ" ಎಂದೆ.

"ಮಜ್ಜಿಗಿ ಕೊಡ್ತಿದ್ದೆ. ನಿಮಗ ನಡಿಯಂಗಿಲ್ಲ" ಎಂದು ಆಕೆ ಗುಡಾರದೊಳಗೆ ಹೋದಳು.

ಮೀರ್ ಸಾಹೇಬರು ಅದಾದ ಮೇಲೂ ನಾಲ್ಕು ತಿಂಗಳು ರಾಯಚೂರಿನಲ್ಲಿದ್ದರು. ದಿನಾ ಅವರ ಕೋಣೆಯ ಬಾಗಿಲ ತನಕ ಹೋಗುತ್ತಿದ್ದೆ. ಕೈಯಲ್ಲಿ ಒಂದು ಕಾಗದ ಹಿಡಿದಿರುತ್ತಿದ್ದೆ, ಸಹಿ ಹಾಕಿಸಿಕೊಂಡು ಹಿಂದಿರುಗುತ್ತಿದ್ದೆ. ಒಂದು ಸಲ ಅವರೇ ಪೆನ್ನು ಕೆಳಗಿಟ್ಟು, "ಏನಾದ್ರೂ ಹೇಳೋದದ ಏನು ಆಚಾರಿ?" ಎಂದರು. "ಏನಿಲ್ರಿ" ಎಂದೆ. ಆಮೇಲೆ ಅವರು ವರ್ಗವಾಗಿ ಹೋದರು. ನಿಜಾಮನ ರಾಜ್ಯವೂ ಹೋಯಿತು, ದಫ್ತರ ಕನ್ನಡಕ್ಕೆ ಬಂತು, ಕುದುರೆಗಳು ಕಡಿಮೆಯಾಗಿ ಜೀಪು ಬಂದವು. ನನಗೆ ನಿವೃತ್ತಿಯ ಹಾರ ಹಾಕಿದ್ದೂ ಅದೇ ಬೇವಿನ ಮರದ ಕೆಳಗೆ. ಮೊಮ್ಮಗ ಕೇಳುವ ಫೋಟೊ ಅದೇ. ಅಲ್ಲಿ ನಾನು ಮೈಕು ಹಿಡಿದು ಇಪ್ಪತ್ತು ನಿಮಿಷ ಮಾತಾಡಿದೆ. ಮೀರ್ ಸಾಹೇಬರನ್ನು ಹೊಗಳಿದೆ, ಮದರಂಗಿ ಕುದುರೆಯ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ಮಾಳವ್ವನ ಹೆಸರು ಎತ್ತಲಿಲ್ಲ.

ಹೊಸಬರೇ, ಈಗ ನಿಮಗೆ ದನದ ಕಿವಿಗೆ ಹಾಕುವ ಬಿಲ್ಲೆ ಇದೆ, ನಂಬರಿದೆ. ಬಿಲ್ಲೆ ಹಾಕಲಾದರೂ ಹತ್ತಿರ ಹೋಗಬೇಕಲ್ಲ, ಅದು ಒಳ್ಳೆಯದು. ಆದರೂ ಕುರ್ಚಿಯಿಂದ ಏಳದೆ ಕಾಲಂ ತುಂಬುವ ದಾರಿ ನಿಮಗೂ ಸಿಕ್ಕೇ ಸಿಗುತ್ತದೆ. ತುಂಬುವ ಮೊದಲು ಎದುರಿಗೆ ಹಗ್ಗ ಹಿಡಿದು ನಿಂತವರು ಏನು ಹೇಳುತ್ತಿದ್ದಾರೆ ಎಂದು ಕೇಳಿ, ಎದ್ದು ಹೋಗಿ ಮುಟ್ಟಿ ನೋಡಿ. ನನಗೆ ಕಲಿಸಲು ಬರುವುದು ಇಷ್ಟೇ.

ಮೊಮ್ಮಗನಿಗೆ ಒಂದು ಷರತ್ತು ಹಾಕಿದ್ದೇನೆ. ಇದನ್ನು ಅಚ್ಚಿಗೆ ಕೊಡುವ ಮೊದಲು ನನ್ನನ್ನು ರಾಯಚೂರಿನ ಆ ಅಂಗಳಕ್ಕೆ ಕರೆದೊಯ್ಯಬೇಕು. ಹಗಲು ಹತ್ತಕ್ಕೆ, ಜನ ತಮ್ಮ ದನಕರು ಹಿಡಿದು ನಿಂತಿರುವ ಹೊತ್ತಿಗೆ. ಮಾಳವ್ವ ಹೋಗಿ ಎಷ್ಟೋ ವರ್ಷವಾಯಿತು, ಬೀರಪ್ಪನೂ ಇಲ್ಲ ಎಂದು ಕೇಳಿದ್ದೇನೆ. ಇದ್ದವರು ಕೇಳಲಿ. ಬೇವಿನ ಮರ ಹಿಡಿದು ನಿಂತು, ಗಂಟಲಿನಲ್ಲಿ ಶಕ್ತಿಯಿದ್ದಷ್ಟು ಗಟ್ಟಿಯಾಗಿ, ಆ ದ್ವಾದಶಿಯ ದಿನ ಬರೆಯಬೇಕಾಗಿದ್ದ ಹುಲಿಯಾವನ್ನು ಓದುತ್ತೇನೆ:

ಹೆಣ್ಣು ಕುದುರೆ. ವಯಸ್ಸು ಎರಡು. ಬಣ್ಣ ಕುಲ್ಲಾ. ಕೊರಳ ಬಲಗಡೆ ಜೂಲಿನಡಿ ಜೋಡಿ ಸುಳಿ. ವಿಶೇಷ ಗುರುತು, ಬೆನ್ನ ಮೇಲೆ ಕುತ್ತಿಗೆಯಿಂದ ಬಾಲದವರೆಗೆ ಕಪ್ಪು ಗೀಟು. ಒಡತಿ ಚೀಕಲಪರ್ವಿಯ ಮಾಳವ್ವ. ಆಕೆಯ ಮಗ ಬೀರಪ್ಪ ಕಳ್ಳನಲ್ಲ. ಆಕೆ ಹೇಳಿದ್ದು ನಿಜ.